ಕೋಳಿ ಹಿಡಿಯುವವನು

ಮೇಡ್ಲೇರಿಯ ಗುಡದಪ್ಪನನ್ನು ಒಂದು ಕಾಲಕ್ಕೆ ಹೊಳೆಸಾಲಿನ ಊರುಗಳಲ್ಲೆಲ್ಲ ‘ಕಬಡ್ಡಿ ಗುಡದಪ್ಪ’ ಎಂದೇ ಕರೆಯುತ್ತಿದ್ದರು. ಅವನ ಹಿಡಿತ ಹಾಗಿತ್ತು. ದಾಳಿಗೆ ಬಂದವನ ಕಣಕಾಲು ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಆ ಮನುಷ್ಯ ಮತ್ತೆ ಗೆರೆ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಮೂವತ್ತೈದರ ಹೊತ್ತಿಗೆ ಮೊಣಕಾಲು ಕೈಕೊಟ್ಟು ಆಟ ಬಿಟ್ಟ. ಆಮೇಲೂ ಚಹಾದಂಗಡಿಯಲ್ಲಿ ಹಳೆಯ ಪಂದ್ಯಗಳ ಮಾತು ಬಂದರೆ ಅವನ ಹೆಸರು ಬರುತ್ತಿತ್ತು. ಎರಡು ಎಕರೆ ಗೋವಿನಜೋಳ, ಒಂದು ಹಳೆಯ ಲೂನಾ, ಹೆಂಡತಿ ಅರುಣಾ, ಹಿತ್ತಿಲಲ್ಲಿ ಹತ್ತಿಪ್ಪತ್ತು ಕೋಳಿ. ಅವನಿಗೆ ಅಷ್ಟು ಸಾಕಿತ್ತು.

2004ರಲ್ಲಿ ರಾಣೆಬೆನ್ನೂರಿನ ದನದ ದವಾಖಾನೆಯಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಕೋಳಿಗಳಿಗೆ ಲಸಿಕೆ ಹಾಕುವುದನ್ನು ಕಲಿಸಿದರು. ಮೇಡ್ಲೇರಿಯಿಂದ ಅರುಣಾ ಹೋದಳು. ಹೋಗು ಎಂದು ಹುರಿದುಂಬಿಸಿದವನು ಗುಡದಪ್ಪನೇ. ಬೇಸಿಗೆ ಬಂತೆಂದರೆ ಊರಿಗೆ ಕೊಕ್ಕರೆ ರೋಗ ಬರುತ್ತಿತ್ತು. ಕೋಳಿಗಳು ಹಸಿರು ಹಿಕ್ಕೆ ಹಾಕುತ್ತ, ರೆಕ್ಕೆ ಇಳಿಬಿಟ್ಟು, ಕುತ್ತಿಗೆ ತಿರುಚಿಕೊಂಡು ಎರಡು ಮೂರು ದಿನದಲ್ಲಿ ಸಾಯುತ್ತಿದ್ದವು. ಒಂದು ಮನೆಗೆ ಹೊಕ್ಕರೆ ಓಣಿಗೆ ಓಣಿಯೇ ಖಾಲಿ. ಅದಕ್ಕೆ ಮದ್ದಿಲ್ಲ, ಬರುವ ಮೊದಲೇ ಸೂಜಿ ಹಾಕಿಸಬೇಕು ಎಂಬುದನ್ನು ಅರುಣಾ ಕಲಿತು ಬಂದು ಮನೆಮನೆಗೆ ಹೋಗಿ ಹೇಳಿದಳು.

ನಸುಕಿನಲ್ಲಿ, ಗೂಡಿನ ಬಾಗಿಲು ತೆಗೆಯುವ ಮೊದಲು, ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಅವನು ಒಂದೊಂದೇ ಕೋಳಿಯನ್ನು ಹಿಡಿದು, ರೆಕ್ಕೆ ಬಿಡಿಸಿ ಕೊಡುತ್ತಿದ್ದ. ಅವಳು ರೆಕ್ಕೆಯ ಬುಡದ ಚರ್ಮ ಎತ್ತಿ ಸೂಜಿ ಚುಚ್ಚುತ್ತಿದ್ದಳು. ಸಣ್ಣ ಮರಿಗಳಾದರೆ ಕಣ್ಣಿಗೆ ಒಂದು ಹನಿ. ಎರಡು ಬೇಸಿಗೆ ಮೇಡ್ಲೇರಿಯಲ್ಲಿ ರೋಗ ಬರಲಿಲ್ಲ. ಪಕ್ಕದ ಊರುಗಳಿಂದ ಕರೆಯಲು ಬಂದರು. ಅರುಣಾ ಬರುವುದು ಕಂಡರೆ ಹೆಂಗಸರು ಕಟ್ಟೆಯಿಂದ ಎದ್ದು, “ಬರ್ರಿ ಬಾಯಾರ, ಕುಂದ್ರಿ” ಎಂದು, ಆಸ್ಪತ್ರೆಯ ನರ್ಸನ್ನು ಕರೆಯುವ ಹಾಗೆ ಕರೆದು ಚಾಪೆ ಹಾಸುತ್ತಿದ್ದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಗುಡದಪ್ಪನನ್ನು ತೋರಿಸಿ, “ಈತ ಯಾರವಾ?” ಎಂದು ಕೇಳಿದಳು.

ಪಕ್ಕದಲ್ಲಿದ್ದವಳು ತಿರುಗಿಯೂ ನೋಡದೆ, “ಬಾಯಾರ ಜೋಡಿ ಬರ್ತಾನಲ್ಲ, ಕೋಳಿ ಹಿಡಿಯಾಂವ” ಅಂದಳು.

ಗುಡದಪ್ಪ ನಕ್ಕ. ಆದರೆ ಆ ಮಾತು ಲೂನಾದ ಮೇಲೆ ಮನೆಗೆ ಬರುವವರೆಗೂ ಕಿವಿಯಲ್ಲಿ ಉಳಿಯಿತು. ಆಮೇಲೆ ಅವನು ಎಣಿಸತೊಡಗಿದ. ಯಾರು ತನ್ನನ್ನು ಹೆಸರು ಹಿಡಿದು ಕರೆದರು, ಯಾರು ‘ಅರುಣಾನ ಗಂಡ’ ಅಂದರು, ಚಹಾ ಮೊದಲು ಯಾರ ಕೈಗೆ ಬಂತು. ಬೇರೊಬ್ಬ ಗಂಡಸಿನ ಮೇಲಿನ ಸಂಶಯವಾಗಿದ್ದರೆ ಗೆಳೆಯರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬಹುದಿತ್ತು. ಹೆಂಡತಿಗೆ ಸಿಗುವ ಮರ್ಯಾದೆ ಕಂಡು ಹೊಟ್ಟೆ ಉರಿಯುತ್ತದೆ ಎಂದು ಯಾರಿಗೆ ಹೇಳುವುದು? ಹಗ್ಗ ಕಡಿದುಕೊಂಡು ಒದೆಯುವ ಹುಂಜ ಕೂಡ ಅವಳ ಕೈಗೆ ಹೋದೊಡನೆ ಸುಮ್ಮನಾಗುವುದನ್ನು ಕಂಡರೂ ಅವನಿಗೆ ಸಿಟ್ಟು ಬರುತ್ತಿತ್ತು. ಹಿಡಿದವನು ನಾನು, ಸುಮ್ಮನಾಗುವುದು ಅವಳ ಕೈಯಲ್ಲಿ.

2006ರ ಬೇಸಿಗೆಗೆ ಮುಂಚೆ ಮಹಾರಾಷ್ಟ್ರದಲ್ಲಿ ಹಕ್ಕಿಜ್ವರ ಬಂದಿತು. ಟಿವಿಯಲ್ಲಿ ಬಿಳಿ ಅಂಗಿ ತೊಟ್ಟು ಮುಖ ಮುಚ್ಚಿಕೊಂಡವರು ಕೋಳಿಗಳನ್ನು ಗುಂಡಿಗೆ ಹಾಕುವುದನ್ನು ತೋರಿಸಿದರು. ಹಾವೇರಿ ಸಂತೆಯಲ್ಲಿ ಕೋಳಿಯನ್ನು ಕೇಳುವವರೇ ಇಲ್ಲದಂತಾಯಿತು. ಆಗ ಜನರಿಗೆ ಧೈರ್ಯ ಹೇಳಲು ಪತ್ರಿಕೆಯವರೊಬ್ಬರು ಅರುಣಾಳ ಬಗ್ಗೆ ಬರೆಯಲು ಬಂದರು. ಮರಿಯವ್ವನ ಹಿತ್ತಿಲಲ್ಲಿ ಫೋಟೋ ತೆಗೆದರು. ಮರಿಯವ್ವ ಗಂಡ ಸತ್ತ ಮೇಲೆ ಮೂವತ್ತು ಕೋಳಿಗಳ ಮೇಲೇ ಬದುಕಿದ ಹೆಂಗಸು. ಊರಿನಲ್ಲಿ ಮೊದಲು ಸೂಜಿ ಹಾಕಿಸಿದವಳೂ ಅವಳೇ. ಗುಡದಪ್ಪ ಕೆಂಪು ಹುಂಜ ಹಿಡಿದು ನಿಂತ. ಫೋಟೋ ತೆಗೆಯುವವರು, “ಸ್ವಲ್ಪ ಆ ಕಡೆ ಸರೀರಿ, ಇನ್ನೂ ಸ್ವಲ್ಪ” ಎಂದರು. ಅವನು ಸರಿದ.

ಏಪ್ರಿಲ್ ಮೊದಲ ವಾರ ಆ ವರ್ಷದ ಲಸಿಕೆಯ ಸರದಿ ಬಂತು. ಲಸಿಕೆ ಎಂದರೆ ಸಣ್ಣ ಸೀಸೆಯ ತಳದಲ್ಲಿ ಅಂಟಿದ ಬಿಳಿ ಗುಳಿಗೆ. ಹಾಕುವ ಹೊತ್ತಿಗೆ ನೀರಿನ ಔಷಧಿಯಲ್ಲಿ ಕಲಸಬೇಕು. ಅಲ್ಲಿಯವರೆಗೂ ಅದು ತಣ್ಣಗೇ ಇರಬೇಕು, ಬಿಸಿ ತಾಗಿದರೆ ಒಳಗಿನ ಜೀವ ಸತ್ತು ಬರೀ ಪುಡಿ ಉಳಿಯುತ್ತದೆ. ಅದಕ್ಕಾಗಿ ದವಾಖಾನೆಯವರು ಅರುಣಾಳಿಗೆ ಬಾಯಿ ಅಗಲದ ಒಂದು ಥರ್ಮಾಸ್ ಕೊಟ್ಟಿದ್ದರು. ಪ್ರತಿ ಸಲ ಗುಡದಪ್ಪ ಹಿಂದಿನ ದಿನ ರಾಣೆಬೆನ್ನೂರಿಗೆ ಹೋಗಿ, ಬರ್ಫದ ನಡುವೆ ಸೀಸೆಗಳನ್ನು ಇಟ್ಟುಕೊಂಡು ಒಂದು ತಾಸಿನೊಳಗೆ ಬಂದು, ನಬಿಸಾಬನ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಇಡುತ್ತಿದ್ದ.

“ಎಲ್ಲೂ ನಿಂದ್ರಬ್ಯಾಡ್ರಿ, ಬಿಸಿಲು ಭಾಳ ಐತಿ,” ಎಂದಳು ಅರುಣಾ, ಅವನು ಲೂನಾ ಹತ್ತುವಾಗ.

“ಎರಡು ವರ್ಷ ತಂದಿಲ್ಲೇನು ನಾ? ಹೊಸದಾಗಿ ಹೇಳ್ಬೇಕೇನು?” ಎಂದು ಅವನು ಹೊರಟ.

ದವಾಖಾನೆಯಲ್ಲಿ ಸೀಸೆ ಎಣಿಸಿಕೊಡುತ್ತಿದ್ದ ಡಾಕ್ಟರು ಗೋಡೆಯ ಕಡೆ ಕೈ ತೋರಿಸಿದರು. “ನೋಡಿದ್ರೇನು? ನಿಮ್ಮ ಮನೆಯವರ ಫೋಟೋ ಬಂದೈತಿ. ನಾವ ಅಂಟಿಸೀವಿ.”

ಗುಡದಪ್ಪ ಹತ್ತಿರ ಹೋಗಿ ನೋಡಿದ. ಅರುಣಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೂಜಿ ಹಿಡಿದು, ಬಾಗಿ ನಿಂತಿದ್ದಳು. ಅವಳ ಮುಂದೆ ಕೆಂಪು ಹುಂಜ. ಹುಂಜದ ಕಾಲು ಹಿಡಿದ ಒಂದು ಕೈ ಇತ್ತು. ಮುಂಗೈಯವರೆಗೆ ಮಾತ್ರ. ಕಬಡ್ಡಿಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳು ಇಲ್ಲದಿದ್ದರೆ ಅದು ತನ್ನ ಕೈ ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಕೆಳಗೆ ಬರೆದ ಬರಹದಲ್ಲಿ ಮರಿಯವ್ವನ ಹೆಸರಿತ್ತು, ಡಾಕ್ಟರ ಹೆಸರಿತ್ತು. ಅವನದು ಇರಲಿಲ್ಲ.

“ನಿಮ್ಮ ಪುಣ್ಯಾ ದೊಡ್ಡದು ಬಿಡ್ರಿ,” ಎಂದರು ಡಾಕ್ಟರು, ಮನಸ್ಸಿನಿಂದಲೇ.

ಹೊರಗೆ ಬಂದಾಗ ಒಂದು ಗಂಟೆ. ಊರಿನ ದಾರಿ ಹಿಡಿಯುವ ಬದಲು ಅವನು ಪೇಟೆಯ ಕಡೆ ಗಾಡಿ ತಿರುಗಿಸಿದ. ಚಹಾ ಕುಡಿದ. ಯಾಕೆ ಓಡಬೇಕು ಅನ್ನಿಸಿತು. ಅವಳ ಸೀಸೆ, ಅವಳ ಥರ್ಮಾಸ್, ಅವಳ ಫೋಟೋ. ತಾನು ಮಾತ್ರ ಹೊತ್ತು ತರುವ ಆಳು. ಟಾಕೀಸಿನ ಮುಂದೆ ಮಧ್ಯಾಹ್ನದ ಆಟಕ್ಕೆ ಜನ ನಿಂತಿದ್ದರು. ಅವನೂ ನಿಂತ. ಥರ್ಮಾಸನ್ನು ಒಳಗೆ ತೆಗೆದುಕೊಂಡು ಹೋಗಬಹುದಿತ್ತು. ತೆಗೆದುಕೊಳ್ಳಲಿಲ್ಲ. ಚೀಲದಲ್ಲಿ ಹಾಕಿ ಲೂನಾದ ಹ್ಯಾಂಡಲಿಗೆ ನೇತುಹಾಕಿದ್ದು ಹಾಗೇ ಬಿಸಿಲಿನಲ್ಲಿ ಉಳಿಯಿತು. ಒಳಗೆ ಫ್ಯಾನಿನ ಕೆಳಗೆ ಕುಳಿತವನಿಗೆ ಅರ್ಧ ತಾಸಿಗೇ ನಿದ್ದೆ ಹತ್ತಿತು.

ಎಚ್ಚರವಾಗಿ ಹೊರಗೆ ಬಂದಾಗ ನಾಲ್ಕೂವರೆ. ಚೀಲ ಮುಟ್ಟಿದರೆ ಕೈ ಸುಡುವಂತಿತ್ತು. ಥರ್ಮಾಸಿನ ಮುಚ್ಚಳ ದವಾಖಾನೆಯಲ್ಲಿ ಸರಿಯಾಗಿ ಕೂತಿರಲಿಲ್ಲವೋ ಏನೋ, ಬರ್ಫ ಪೂರ್ತಿ ಕರಗಿ ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆಗಳು ತೇಲುತ್ತಿದ್ದವು. ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದ. ಬಿಳಿ ಗುಳಿಗೆ ಮೊದಲು ಹೇಗಿತ್ತೋ ಹಾಗೇ ಇತ್ತು. ದವಾಖಾನೆಗೆ ಹೋಗಿ ಬೇರೆ ಕೊಡಿ ಎನ್ನಬಹುದಿತ್ತು. ಆದರೆ ಅಲ್ಲಿ ಹೋಗಿ, ಆ ಫೋಟೋದ ಮುಂದೆ ನಿಂತು ಏನೆಂದು ಹೇಳುವುದು? ಹಣ್ಣಿನ ರಸದ ಅಂಗಡಿಯಲ್ಲಿ ಬರ್ಫದ ತುಂಡು ಕೊಂಡು, ನೀರು ಚೆಲ್ಲಿ, ಥರ್ಮಾಸ್ ತುಂಬಿದ. ಸಂಜೆ ನಬಿಸಾಬನ ಫ್ರಿಜ್ಜಿನಲ್ಲಿ ಸೀಸೆಗಳನ್ನು ಇಟ್ಟ.

“ಯಾಕ ತಡಾ?” ಎಂದಳು ಅರುಣಾ, ಅವನು ಮನೆಗೆ ತಂದ ಥರ್ಮಾಸಿನಲ್ಲಿದ್ದ ಬರ್ಫ ನೋಡುತ್ತ.

“ಗಾಡಿ ಕೆಟ್ಟಿತ್ತು.”

ಮರುದಿನ ನಸುಕಿನಲ್ಲಿ, ಮರಿಯವ್ವನ ಹಿತ್ತಿಲಲ್ಲಿ ಸೀಸೆಯ ಬೂಚು ಬಿಚ್ಚುವ ಮೊದಲು ಅರುಣಾ ಅವನನ್ನು ನೋಡಿದಳು. “ಗಾಡಿ ಕೆಟ್ಟಾಗ ಬರ್ಫ ಕರಗಿಲ್ಲ ಹೌದಲ್ರಿ?”

ಅದೊಂದು ಕ್ಷಣ ಅವನ ಕೈಯಲ್ಲಿತ್ತು. ಸುತ್ತ ಆರೇಳು ಹೆಂಗಸರು ನಿಂತಿದ್ದರು, ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

“ಇಲ್ಲ,” ಎಂದ ಗುಡದಪ್ಪ. “ತುಂಬಿದ್ದು ತುಂಬಿದಂಗ ಇತ್ತು.”

ಆ ಮುಂಜಾನೆ ಮತ್ತು ಮರುದಿನ ಸೇರಿ ಮುನ್ನೂರು ಕೋಳಿಗಳಿಗೆ ಸೂಜಿ ಹಾಕಿದರು. ತಮ್ಮ ಮನೆಯವಕ್ಕೂ.

ಮೂರು ವಾರಕ್ಕೆ ರೋಗ ಬಂತು. ಮೊದಲು ಬಿಸ್ಮಿಲ್ಲಾಬಿಯ ಮನೆಯಲ್ಲಿ ಎರಡು ಹೇಂಟೆ ಕುತ್ತಿಗೆ ತಿರುಚಿಕೊಂಡು ಬಿದ್ದವು. ಮರುದಿನ ಅದೇ ಓಣಿಯಲ್ಲಿ ಹನ್ನೊಂದು. ಟಿವಿ ನೋಡಿದ್ದ ಜನ ಹಕ್ಕಿಜ್ವರವೇ ಎಂದು ಮಕ್ಕಳನ್ನು ಒಳಗೆ ಕೂಡಿ ಹಾಕಿದರು. ಅರುಣಾ ಮನೆಯಿಂದ ಮನೆಗೆ ಓಡಾಡಿ, ಸತ್ತವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿಸಿದಳು, ಉಳಿದವನ್ನು ಬೇರೆ ಮಾಡಿಸಿದಳು. ಹೋದಲ್ಲೆಲ್ಲ ಮಾತು ಕೇಳಿಸಿಕೊಂಡಳು. “ಸೂಜಿ ಹಾಕಿಸಿದ ಮ್ಯಾಲ ಸಾಯೂದಾದ್ರ ಯಾಕ ಹಾಕಿಸ್ಬೇಕವಾ?” “ಪೇಪರಿನ್ಯಾಗ ಬಂದ ಮ್ಯಾಲ ಸೊಕ್ಕು ಹೆಚ್ಚಾತು ನೋಡು.” ಚಾಪೆ ಹಾಸುತ್ತಿದ್ದವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

ಆ ದಿನಗಳಲ್ಲಿ ಗುಡದಪ್ಪನಿಗೆ ಒಂದು ಸಂಗತಿ ಆಯಿತು. ಅದನ್ನು ಅವನು ಬಹಳ ಕಾಲ ಯಾರಿಗೂ ಹೇಳಲಿಲ್ಲ. ಜನ ಅರುಣಾಳನ್ನು ಬಿಟ್ಟು ಅವನ ಹತ್ತಿರ ಬರತೊಡಗಿದರು. “ಗುಡದಪ್ಪಣ್ಣಾ, ನೀನರ ನಿನ್ನ ಹೆಂಡ್ತಿಗೆ ತಿಳಿಸಿ ಹೇಳು,” ಎಂದರು. ಎರಡು ವರ್ಷದ ಮೇಲೆ ಅವನ ಹೆಸರು ಅವರ ಬಾಯಲ್ಲಿ ಬಂದಿತ್ತು. ಅವನು ದೊಡ್ಡ ಮನುಷ್ಯನಂತೆ, “ನೋಡೂನು, ಆಕೀನೂ ಮನುಷ್ಯಾಳ ಅಲ್ಲೇನು, ತಪ್ಪು ಆಗ್ತಾವು,” ಎಂದ. ಹಾಗೆ ಹೇಳುವಾಗ ನಾಲಿಗೆಗೆ ಸಿಹಿ ಹತ್ತಿದಂತಾಯಿತು. ಮನೆಗೆ ಬಂದು ಹೆಂಡತಿಗೆ ಸಮಾಧಾನ ಹೇಳಿದ. ಅವಳು ಅವನ ಭುಜಕ್ಕೆ ತಲೆಯಿಟ್ಟು ಅತ್ತಳು. ಅವಳು ಹಾಗೆ ಅವನ ಮೇಲೆ ಒರಗಿ ವರ್ಷಗಳೇ ಆಗಿದ್ದವು. ಅದೂ ಅವನಿಗೆ ಹಿತವಾಯಿತು.

ಆದರೆ ಅವಳು ಅಲ್ಲಿಗೆ ನಿಲ್ಲಲಿಲ್ಲ. ಚುಚ್ಚುವುದರಲ್ಲೇ ತಪ್ಪಿದೆನೇನೋ ಎಂದು ಅಡುಗೆ ಮನೆಯಲ್ಲಿ ಕುಳಿತು ಒಂದು ಬದನೆಕಾಯಿಗೆ ಸೂಜಿ ಚುಚ್ಚಿ ಚುಚ್ಚಿ ನೋಡಿದಳು. ಕಲಸಿದ್ದು ಎಷ್ಟು ಹೊತ್ತಿಗೆ, ಮೊದಲ ಮನೆ ಯಾವುದು, ಕೊನೆಯ ಮನೆ ಯಾವುದು ಎಂದು ಬೆರಳು ಮಡಚಿದಳು. “ಎರಡು ತಾಸಿನೊಳಗ ಮುಗಿಸೀನಿ. ನೀರು ಹೆಚ್ಚು ಹಾಕಿದ್ನೇನ್ರಿ? ನೀವು ನೋಡಿದ್ರಲ್ಲ, ಹೆಚ್ಚು ಹಾಕಿದ್ನಾ?” ಎಂದು ಕೇಳಿದಳು. ಅವನು ಗೊತ್ತಿಲ್ಲ ಎಂದ. ಮೂರನೆಯ ದಿನ ತಮ್ಮದೇ ಒಂದು ಮರಿಗೆ ನೀರು ಕುಡಿಸಲು ಹಿಡಿದಾಗ ಅವಳ ಕೈ ನಡುಗಿ ಮರಿ ಜಾರಿ ಬಿತ್ತು. ಗುಡದಪ್ಪ ಅದನ್ನು ಕಂಡ. ಆ ಕೈ ನಡುಗಿದ್ದನ್ನು ಅವನು ಮದುವೆಯಾದ ಹದಿನಾರು ವರ್ಷದಲ್ಲಿ ನೋಡಿರಲಿಲ್ಲ. ನಾಲಿಗೆಯ ಸಿಹಿ ಅಲ್ಲಿಗೇ ಹೋಯಿತು.

ಅಂದು ಸಂಜೆ ಮರಿಯವ್ವ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ಕೆಂಪು ಹುಂಜ ಸತ್ತು ಬಿದ್ದಿತ್ತು. ಅವಳ ಮೂವತ್ತರಲ್ಲಿ ಏಳು ಉಳಿದಿದ್ದವು. ಅವಳು ಬಯ್ಯಲಿಲ್ಲ. ಬುಟ್ಟಿ ಕೆಳಗಿಟ್ಟು, “ನಿನ್ನ ಕೈ ನಂಬಿದ್ದೆ ತಂಗಿ,” ಎಂದಷ್ಟೇ ಹೇಳಿ ಹೋದಳು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿನಿಂದ ಡಾಕ್ಟರು ಬಂದರು. ಪಂಚಾಯಿತಿಯ ಮುಂದಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಆಗಷ್ಟೇ ಸತ್ತ ಕೋಳಿಯೊಂದನ್ನು ಕೊಯ್ದು ಹೊಟ್ಟೆಯೊಳಗಿನ ಕೆಂಪು ಚುಕ್ಕೆಗಳನ್ನು ಎಲ್ಲರಿಗೂ ತೋರಿಸಿದರು.

“ಹಕ್ಕಿಜ್ವರದ ಲಕ್ಷಣ ಅಲ್ಲ ಇದು, ಅಂಜಬ್ಯಾಡ್ರಿ. ಕೊಕ್ಕರೆ ರೋಗ. ಖಾತ್ರಿಗೆ ಸ್ಯಾಂಪಲ್ ಕಳಸ್ತೀನಿ,” ಎಂದರು. ಆಮೇಲೆ ಅರುಣಾಳ ಕಡೆ ತಿರುಗಿ, “ಆದ್ರ ಲಸಿಕೆ ಹಾಕಿದ ಊರಾಗ ಇಷ್ಟು ಬರಬಾರದಿತ್ತು. ಬರ್ಫ ಇತ್ತಿಲ್ಲೋ?” ಎಂದು ಕೇಳಿದರು.

“ಇತ್ರಿ ಸರ. ಥರ್ಮಾಸ್ ತುಂಬ ಇತ್ತು. ನಾನ ಕಣ್ಣಾರೆ ನೋಡೀನಿ.” ಅರುಣಾ ಕೈಯಲ್ಲಿದ್ದ ಥರ್ಮಾಸನ್ನು ಅವರ ಮುಂದೆ ನೆಲದ ಮೇಲಿಟ್ಟಳು. ಸೂಜಿಯ ಡಬ್ಬಿಯನ್ನೂ ಇಟ್ಟಳು. “ತಪ್ಪು ನಂದಾ ಇರ್ಬೇಕು. ಎಲ್ಲಿ ಅಂತ ತಿಳೀವಲ್ದು. ಇವನ್ನ ತಿರುಗಿ ತಗೋರಿ ಸರ. ಬ್ಯಾರೇದೋರಿಗೆ ಕಲಸ್ರಿ.”

ನೆರೆದ ಐವತ್ತು ಜನರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಗುಡದಪ್ಪ ಬೇಕೆಂದದ್ದು ಇದೇ ಆಗಿತ್ತು. ಇನ್ನು ಯಾರೂ ಅವಳನ್ನು ಬಾಯಾರ ಎನ್ನುವುದಿಲ್ಲ, ಅವನನ್ನು ಕೋಳಿ ಹಿಡಿಯುವವನು ಎನ್ನುವುದಿಲ್ಲ. ಅವನು ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು.

“ತಪ್ಪು ಆಕೀದಲ್ರಿ,” ಎಂದ. “ನಂದು. ಆ ದಿನ ಔಷಧಿ ತಗೊಂಡು ನಾ ಸೀದಾ ಬರಲಿಲ್ಲ. ಗಾಡಿ ಕೆಟ್ಟಿರಲಿಲ್ಲ. ಥರ್ಮಾಸ್ ಬಿಸಲಾಗ ಬಿಟ್ಟು ಸಿನೆಮಾಕ್ಕ ಹೋಗಿದ್ನಿ. ಬರ್ಫ ಎಲ್ಲಾ ಕರಗಿತ್ತು. ಬ್ಯಾರೆ ತುಂಬಿ ತಂದು ಸುಳ್ಳು ಹೇಳೀನಿ.”

ಮರಿಯವ್ವ ಮುಂದೆ ಬಂದು ಅವನ ಮುಖವನ್ನೇ ನೋಡಿದಳು.

“ಯಾವ ಸಿನೆಮಾನೋ?” ಎಂದಳು.

ಅವನಿಗೆ ಹೆಸರು ನೆನಪಾಗಲಿಲ್ಲ. “ನಿದ್ದಿ ಹತ್ತಿತ್ತವಾ,” ಎಂದ.

ಯಾರೋ ನಕ್ಕರು, ಯಾರೋ ಉಗುಳಿದರು. ಒಬ್ಬಿಬ್ಬರು ಹೊಡೆಯಲು ಬಂದರು, ಡಾಕ್ಟರು ತಡೆದರು. ಅರುಣಾ ನೆಲದ ಮೇಲಿನ ಥರ್ಮಾಸನ್ನೂ ಡಬ್ಬಿಯನ್ನೂ ಎತ್ತಿಕೊಂಡು ಮನೆಯ ಕಡೆ ನಡೆದಳು.

ಅವನು ಮನೆಗೆ ಹೋದಾಗ ಅವಳು ಹಿತ್ತಿಲಲ್ಲಿ ಥರ್ಮಾಸ್ ತೊಳೆಯುತ್ತಿದ್ದಳು.

“ಯಾಕ?” ಎಂದು ಕೇಳಿದಳು. ತಿರುಗಿ ನೋಡಲಿಲ್ಲ.

ಅವನು ಫೋಟೋದ ಮಾತು ಹೇಳಿದ. ಕೈ ಮಾತ್ರ ಇದ್ದದ್ದು, ಹೆಸರಿಲ್ಲದ್ದು, ಮುದುಕಿ ಕೇಳಿದ್ದು. ಹೇಳುತ್ತ ಹೇಳುತ್ತ ಅದೆಲ್ಲ ಎಷ್ಟು ಸಣ್ಣದು ಎಂದು ಅವನಿಗೇ ಕೇಳಿಸಿತು. ಆದರೂ ಪೂರ್ತಿ ಹೇಳಿದ.

“ನಿಮಗ ಸೇರಂಗಿಲ್ಲ ಅನ್ನೂದು ನನಗ ಗೊತ್ತಿತ್ತು,” ಎಂದಳು ಅರುಣಾ. “ಜನ ನನ್ನ ಮಾತಾಡ್ಸಿದಾಗೆಲ್ಲ ನಿಮ್ಮ ಮಾರಿ ನೋಡ್ತಿದ್ನಿ. ಬಿಡು ಅಂದಿದ್ರ ಜಗಳಾ ಮಾಡ್ತಿದ್ನಿ, ಅತ್ತಿರ್ತಿದ್ನಿ, ಕಡೀಕ ಬಿಡ್ತಿದ್ನೋ ಏನೋ. ನನ್ನ ಮುಂದ ಅನ್ನಬೇಕಿತ್ತು ನೀವು. ಮರಿಯವ್ವನ ಕೋಳಿ ಏನ್ ಮಾಡಿದ್ವು ನಿಮಗ?”

ತಮ್ಮ ಹಿತ್ತಿಲಲ್ಲಿ ಬದುಕುಳಿದವು ಒಂಬತ್ತು. ಊರಿನಲ್ಲಿ ರೋಗ ಪೂರ್ತಿ ತಣ್ಣಗಾಗುವವರೆಗೆ ಕಾದು, ಆ ಒಂಬತ್ತನ್ನೂ ಅವನು ಬುಟ್ಟಿಯಲ್ಲಿ ಹಾಕಿ ಮರಿಯವ್ವನ ಮನೆಗೆ ಹೊತ್ತುಕೊಂಡು ಹೋದ. ಅವಳು ಒಂದೊಂದನ್ನೂ ರೆಕ್ಕೆ ಎತ್ತಿ, ಬಾಯಿ ತೆರೆದು ನೋಡಿ ಇಟ್ಟುಕೊಂಡಳು. ಕುಂದ್ರು ಅನ್ನಲಿಲ್ಲ. ಉಳಿದ ಮನೆಗಳಿಗೂ ಮಳೆಗಾಲದಲ್ಲಿ ಒಂದೆರಡು ಮರಿ ತಂದು ಕೊಟ್ಟ. ಕೆಲವರು ತೆಗೆದುಕೊಂಡರು, ಕೆಲವರು ಬಾಗಿಲು ಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ‘ಟಾಕೀಸ್ ಗುಡದಪ್ಪ’ ಎಂಬ ಹೆಸರು ಬಂತು. ಅವನು ಕೇಳಿಯೂ ಕೇಳದಂತೆ ಹೋಗುತ್ತಿದ್ದ.

ಅರುಣಾಳನ್ನು ಡಾಕ್ಟರು ಕೆಲಸದಲ್ಲೇ ಉಳಿಸಿದರು. ಮುಂದಿನ ಸರದಿಯಿಂದ ಅವಳೇ ಬಸ್ಸಿನಲ್ಲಿ ಹೋಗಿ ಲಸಿಕೆ ತಂದಳು, ದಾರಿಯುದ್ದಕ್ಕೂ ಥರ್ಮಾಸನ್ನು ತೊಡೆಯಿಂದ ಇಳಿಸದೆ. ಕೋಳಿ ಹಿಡಿಯಲು ಬಿಸ್ಮಿಲ್ಲಾಬಿ ಜೊತೆಯಾದಳು. ಬಿಸ್ಮಿಲ್ಲಾಬಿಗೆ ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಮುಂಗೈ ತುಂಬ ಉಗುರಿನ ಗೀರು. ಗುಡದಪ್ಪ ತನ್ನ ಕಟ್ಟೆಯ ಮೇಲೆ ಕುಳಿತು ಎದುರು ಮನೆಯ ಅಂಗಳದಲ್ಲಿ ಇಬ್ಬರೂ ನಗುತ್ತ ಕೆಲಸ ಮಾಡುವುದನ್ನು ನೋಡುತ್ತಿದ್ದ. ಹಿಂದೆ ಹೆಂಡತಿಯ ಮೇಲಿದ್ದ ಉರಿ ಈಗ ಬಿಸ್ಮಿಲ್ಲಾಬಿಯ ಮೇಲೆ ತಿರುಗಿತು. ಒಂದು ದಿನ ತಡೆಯಲಾರದೆ ಎದ್ದು ಹೋಗಿ, “ಎರಡೂ ರೆಕ್ಕಿ ಕೂಡ್ಸಿ ಬುಡಕ್ಕ ಹಿಡೀಬೇಕು,” ಎಂದ.

“ಆಕೀಗೆ ನಾ ಹೇಳಿ ಕೊಡ್ತೀನಿ,” ಎಂದಳು ಅರುಣಾ. ಅವನು ತಿರುಗಿ ಬಂದ.

ದೀಪಾವಳಿಯ ನಂತರ ಗಳಗನಾಥದಿಂದ ಕರೆ ಬಂತು. ಹಿಂದಿನ ಸಂಜೆಯೇ ಹೋಗಿ ಉಳಿಯಬೇಕಿತ್ತು. ಅದೇ ವಾರ ಬಿಸ್ಮಿಲ್ಲಾಬಿ ಮಗಳ ಹೆರಿಗೆಗೆಂದು ಬ್ಯಾಡಗಿಗೆ ಹೋಗಿದ್ದಳು. ಅರುಣಾ ಸೂಜಿಗಳನ್ನು ಕುದಿಸಿ ಡಬ್ಬಿಗೆ ಹಾಕುತ್ತಿದ್ದಾಗ ಗುಡದಪ್ಪ ಬಾಗಿಲಲ್ಲಿ ನಿಂತ.

“ನಾ ಬರ್ಲೇನು?”

ಅವಳು ಡಬ್ಬಿ ಮುಚ್ಚಿ, ಬಟ್ಟೆ ಸುತ್ತಿ, ಗಂಟು ಕಟ್ಟಿದಳು.

“ಕೋಳಿ ಹಿಡೀರಿ,” ಎಂದಳು. “ಥರ್ಮಾಸ್ ಮುಟ್ಟಬ್ಯಾಡ್ರಿ.”

ಗಳಗನಾಥದಲ್ಲಿ ಮಂಜು ಇನ್ನೂ ಹೊಳೆಯ ಮೇಲಿದ್ದಾಗಲೇ ಕೆಲಸ ಶುರುವಾಯಿತು. ಹೊಸ ಊರಾದ್ದರಿಂದ ಜನ ಅಂಗಳದ ತುಂಬ ನೆರೆದಿದ್ದರು. ಬಾಯಾರ ಹೀಗೆ ಯಾಕೆ ಮಾಡುತ್ತೀರಿ, ಬಾಯಾರ ಮರಿಗಳಿಗೆ ಎಷ್ಟು ದಿನಕ್ಕೆ ಹಾಕಬೇಕು ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಕೈ ನಿಲ್ಲಿಸದೆ ಹೇಳುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಯಾರೂ ಗುಡದಪ್ಪನ ಕಡೆ ನೋಡಲಿಲ್ಲ. ಅವನ ಎದೆಯಲ್ಲಿ ಆ ಉರಿ ಮತ್ತೆ ಎದ್ದಿತು, ಮೊದಲಿನಷ್ಟೇ. ಅದು ಹೋಗಿರಬಹುದು ಎಂದು ಅವನು ಅಂದುಕೊಂಡಿದ್ದ. ಹೋಗಿರಲಿಲ್ಲ.

ಗೂಡಿಗೆ ಕೈ ಹಾಕಿ ಮುಂದಿನ ಕೋಳಿಯನ್ನು ತೆಗೆದು, ರೆಕ್ಕೆ ಬಿಡಿಸಿ ಅವಳ ಮುಂದೆ ಹಿಡಿದ.